ತುಮಕೂರಿನ ವಾರಾಂತ್ಯ ಫುಟ್‌ಬಾಲ್ ತರಬೇತಿ: ಮೈದಾನಕ್ಕಿಂತ ಮೊರಿಯಾಸು ಪಾಠ ಮೇಲು

2025ರ ಅಕ್ಟೋಬರ್ 4ರಿಂದ ಡಿಸೆಂಬರ್ 7ರವರೆಗೆ, ಹತ್ತು ವಾರಾಂತ್ಯಗಳ ಕಾಲ, ಕ್ಯಾತ್ಸಂದ್ರದ ಕಡೆಯ ಶಾಲೆಯೊಂದರ ಮೈದಾನದಲ್ಲಿ ನಡೆದ ಮಕ್ಕಳ ಫುಟ್‌ಬಾಲ್ ತರಬೇತಿಗೆ ಹನ್ನೆರಡು ವರ್ಷದ ನನ್ನ ಮೊಮ್ಮಗನನ್ನು ಸೇರಿಸಿದ್ದೆ. ಕರೆದೊಯ್ಯುವ, ಕರೆತರುವ ಹೊಣೆ ನನ್ನದೇ ಆಗಿದ್ದರಿಂದ ಎರಡು ದಿನ ಬಿಟ್ಟು ಉಳಿದೆಲ್ಲ ದಿನವೂ ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದ್ದೇನೆ. ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ ಮೈದಾನದಲ್ಲಿ ಅಭ್ಯಾಸ; ಭಾನುವಾರ ಮಾತ್ರ ಅದಾದ ಮೇಲೆ ಮಕ್ಕಳಿಗೆ ಬಾಳೆಹಣ್ಣು, ಹೆಸರುಕಾಳಿನ ಉಸಲಿ ಕೊಟ್ಟು ಒಂದು ಗಂಟೆ ಕೊಠಡಿಯಲ್ಲಿ ಪಾಠ. ಶುಲ್ಕ 3,500 ರೂಪಾಯಿ. ಅದರಲ್ಲಿ ಒಂದು ನೀಲಿ ಅಂಗಿ ಮತ್ತು ಗೆರೆ ಹಾಕಿದ ಒಂದು ನೋಟ್‌ಬುಕ್ ಸೇರಿತ್ತು.

ಆ ನೋಟ್‌ಬುಕ್ ಯಾತಕ್ಕೆಂದು ಮೊದಲ ದಿನ ಯಾರಿಗೂ ತಿಳಿಯಲಿಲ್ಲ. ಕೋಚ್ ಸರ್ ಮೊದಲ ಭಾನುವಾರ ಪ್ರೊಜೆಕ್ಟರಿನಲ್ಲಿ ಒಂದು ಚಿತ್ರ ತೋರಿಸಿದರು: ಕಪ್ಪು ಸೂಟು ತೊಟ್ಟ ಮಧ್ಯವಯಸ್ಸಿನ ವ್ಯಕ್ತಿಯೊಬ್ಬರು ಆಟ ನಡೆಯುತ್ತಿರುವಾಗಲೇ ಮೈದಾನದ ಅಂಚಿನಲ್ಲಿ ನಿಂತು ಪುಟ್ಟ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದಾರೆ. ಜಪಾನ್ ರಾಷ್ಟ್ರೀಯ ತಂಡದ ತರಬೇತುದಾರ ಹಾಜಿಮೆ ಮೊರಿಯಾಸು ಅವರು. ಹತ್ತು ಭಾನುವಾರವೂ ಇವರೊಬ್ಬರ ವೃತ್ತಿಜೀವನವನ್ನೇ ಓದುತ್ತೇವೆ ಎಂದಾಗ ಪೋಷಕರಲ್ಲಿ ಹಲವರು ಹುಬ್ಬೇರಿಸಿದರು. ಮೆಸ್ಸಿ, ರೊನಾಲ್ಡೊ ಎಂದರೆ ಕಣ್ಣರಳಿಸುವ ಮಕ್ಕಳ ಮುಂದೆ, ರಾಷ್ಟ್ರೀಯ ತಂಡಕ್ಕೆ 35 ಪಂದ್ಯಗಳಲ್ಲಿ ಒಂದೇ ಒಂದು ಗೋಲು ಹೊಡೆದ ಆಟಗಾರನನ್ನು ಏಕೆ ತಂದಿಟ್ಟರೆಂದು ನನಗೂ ಅನ್ನಿಸಿತು. ಹತ್ತು ವಾರ ಮುಗಿದ ಮೇಲೆ ಹೇಳುತ್ತೇನೆ: ಕೊಟ್ಟ ಹಣಕ್ಕೆ ಸಿಕ್ಕ ಹೆಚ್ಚಿನ ಬೆಲೆ ಆ ಕೊಠಡಿಯಲ್ಲಿಯೇ ಸಿಕ್ಕಿತು.

ಮೈದಾನದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಮೂವತ್ತೆಂಟು ಮಕ್ಕಳಿಗೆ ಹನ್ನೊಂದು ಚೆಂಡು ಸಾಲದು. ಸಾಲಿನಲ್ಲಿ ನಿಂತು ತನ್ನ ಸರದಿಗೆ ಕಾಯುವುದರಲ್ಲಿಯೇ ಚಿಕ್ಕ ಮಕ್ಕಳ ಅರ್ಧ ಹೊತ್ತು ಕಳೆಯುತ್ತಿತ್ತು. ಅಕ್ಟೋಬರಿನ ಮಳೆಯಿಂದ ಮೂರು ದಿನ ಅಭ್ಯಾಸ ನಿಂತುಹೋಯಿತು. ಬದಲಿಗೆ ಒಂದು ದಿನವನ್ನು ಮಾತ್ರ ತುಂಬಿಕೊಟ್ಟರು. ಹೆಣ್ಣುಮಕ್ಕಳು ಒಂಬತ್ತು ಮಂದಿ ಇದ್ದರೂ ಶೌಚಾಲಯದ ಬೀಗ ತೆಗೆಸಲು ಪ್ರತಿ ಸಲವೂ ಕಾವಲುಗಾರನನ್ನು ಹುಡುಕಬೇಕಾಗುತ್ತಿದ್ದುದು ಸರಿಯಲ್ಲ, ಇದನ್ನು ಮುಂದಿನ ಸಲವಾದರೂ ತಪ್ಪದೆ ಸರಿಪಡಿಸಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತ್ತು, ಅದನ್ನು ಬಳಸಲು ತಿಳಿದ ಒಬ್ಬ ಹೆಣ್ಣುಮಗಳೂ ಇದ್ದರು. ಮಂಡಿ ತರಚಿದ ಮಕ್ಕಳನ್ನು ಆಕೆ ನೋಡಿಕೊಂಡ ರೀತಿ ನನಗೆ ಸಮಾಧಾನ ತಂದಿತು.

ಇನ್ನು ಪಾಠ. ಮೊದಲ ಎರಡು ಭಾನುವಾರ ಆಟಗಾರ ಮೊರಿಯಾಸು ಅವರಿಗೆ ಮೀಸಲಾಗಿದ್ದವು. 1968ರ ಆಗಸ್ಟ್ 23ರಂದು ಶಿಜುವೋಕಾ ಪ್ರಾಂತ್ಯದಲ್ಲಿ ಹುಟ್ಟಿ ನಾಗಸಾಕಿಯಲ್ಲಿ ಬೆಳೆದ ಹುಡುಗ 1987ರಲ್ಲಿ ಹಿರೋಶಿಮಾದ ಮಜ್ದಾ ಕಾರು ಕಂಪನಿಯ ತಂಡಕ್ಕೆ ಸೇರಿದರು. ಆಗ ಜಪಾನಿನಲ್ಲಿ ವೃತ್ತಿಪರ ಲೀಗ್ ಇರಲಿಲ್ಲ; ಕಂಪನಿಯ ನೌಕರರೇ ಕೆಲಸದ ಜೊತೆಗೆ ಆಡುತ್ತಿದ್ದರು. ಮೊರಿಯಾಸು ಅವರಿಗೆ ಮೂಲ ಕಂಪನಿಯಲ್ಲಿ ಜಾಗವಿರಲಿಲ್ಲ, ಅದರ ಸರಕು ಸಾಗಣೆಯ ಅಂಗಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ವೇಗವಿಲ್ಲ, ಎತ್ತರವಿಲ್ಲ, ಕಣ್ಣು ಕೋರೈಸುವ ಕಾಲ್ಚಳಕವಿಲ್ಲ. ಅಂಥವರಲ್ಲಿ ಏನೋ ಇದೆಯೆಂದು ಕಂಡುಕೊಂಡವರು ಆ ತಂಡವನ್ನು ಕಟ್ಟುತ್ತಿದ್ದ ಕಜುವೊ ಇಮಾನಿಶಿ ಅವರು.

ಈ ಭಾಗ ನನ್ನ ಮನಸ್ಸಿಗೆ ಹತ್ತಿರವಾಯಿತು, ಕಾರಣವೂ ಇದೆ. ನಾನು ದುಡಿದದ್ದು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ. ಎಚ್‌ಎಂಟಿ ಗಡಿಯಾರ ಹುಟ್ಟಿದ್ದೇ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ಪಾಳಿ ಮುಗಿಸಿ ಬೆವರು ಒರೆಸಿಕೊಂಡು ನೇರ ಚೆಂಡಿನ ಕಡೆಗೆ ನಡೆಯುತ್ತಿದ್ದ ಗೆಳೆಯರನ್ನು ನಾನು ನೋಡಿದ್ದೇನೆ. ಅವರಲ್ಲಿ ಯಾರಿಗೂ ಆ ಆಟವೇ ಜೀವನೋಪಾಯವಾಗಲಿಲ್ಲ. ಹಿರೋಶಿಮಾದ ಕಾರ್ಖಾನೆ ತಂಡ 1992ರಲ್ಲಿ ಸಾನ್‌ಫ್ರೆಚೆ ಹಿರೋಶಿಮಾ ಎಂಬ ಕ್ಲಬ್ ಆಗಿ, 1993ರಲ್ಲಿ ಆರಂಭವಾದ ಜೆ ಲೀಗ್‌ಗೆ ಕಾಲಿಟ್ಟಿತು. ನೌಕರ ಆಟಗಾರ ವೃತ್ತಿಪರ ಆಟಗಾರನಾದ. ಪ್ರತಿಭೆ ಎರಡು ಕಡೆಯೂ ಇತ್ತು, ಅಲ್ಲಿ ಮಾತ್ರ ಸರಿಯಾದ ಹೊತ್ತಿಗೆ ಏಣಿ ಬಂತು. ಬಿಡುವಿನಲ್ಲಿ ಇದನ್ನು ಹೇಳಿದಾಗ ಕೋಚ್ ಸರ್ ಮುಂದಿನ ಭಾನುವಾರ ಹತ್ತು ನಿಮಿಷ ನನಗೇ ಬಿಟ್ಟುಕೊಟ್ಟು ಕಾರ್ಖಾನೆಯ ಕಥೆ ಹೇಳಿಸಿದರು. ಪೋಷಕರ ಮಾತಿಗೆ ಇಷ್ಟು ಜಾಗ ಕೊಡುವ ತರಬೇತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕ್ಲಬ್ಬಿನ ಹೆಸರನ್ನು ಬಿಡಿಸಿ ಹೇಳಿದ್ದು ಮಕ್ಕಳಿಗೆ ಬಹಳ ಹಿಡಿಸಿತು. ‘ಸಾನ್’ ಎಂದರೆ ಜಪಾನೀ ಭಾಷೆಯಲ್ಲಿ ಮೂರು, ‘ಫ್ರೆಚೆ’ ಎಂದರೆ ಇಟಲಿಯ ಭಾಷೆಯಲ್ಲಿ ಬಾಣಗಳು. 16ನೇ ಶತಮಾನದ ಆ ಸೀಮೆಯ ದೊರೆ ಮೋರಿ ಮೊತೊನಾರಿ ತನ್ನ ಮೂವರು ಮಕ್ಕಳಿಗೆ ಒಂದೊಂದು ಬಾಣ ಕೊಟ್ಟು ಮುರಿಸಿ, ಆಮೇಲೆ ಮೂರನ್ನೂ ಒಟ್ಟಿಗೆ ಹಿಡಿದು ಮುರಿಯಿರೆಂದನಂತೆ. ‘ಇದು ನಮ್ಮ ಕಟ್ಟಿಗೆ ಹೊರೆಯ ಕಥೆಯಲ್ಲವೇ ಸರ್!’ ಎಂದು ಗುಬ್ಬಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೂಗಿದಳು.

1992ರಲ್ಲಿ ಜಪಾನ್ ತಂಡದ ಹೊಣೆ ಹೊತ್ತ ಡಚ್ ತರಬೇತುದಾರ ಹಾನ್ಸ್ ಊಫ್ಟ್ ಅವರು, ಹಿಂದೆ ಮಜ್ದಾದಲ್ಲಿ ತಾವೇ ತರಬೇತಿ ಕೊಟ್ಟಿದ್ದ ಈ ಹುಡುಗನನ್ನು ರಾಷ್ಟ್ರೀಯ ತಂಡಕ್ಕೆ ಕರೆದರು. ಅಷ್ಟು ಅಪರಿಚಿತ ಹೆಸರೆಂದರೆ, ಬರೆದ ಮೂರು ಅಕ್ಷರಗಳಲ್ಲಿ ಮನೆತನದ ಹೆಸರು ಎಲ್ಲಿ ಮುಗಿಯಿತು, ಸ್ವಂತ ಹೆಸರು ಎಲ್ಲಿಂದ ಶುರುವಾಯಿತು ಎಂಬುದೇ ಜೊತೆ ಆಟಗಾರರಿಗೆ ತಿಳಿಯದೆ ‘ಮೋರಿ’ ಎಂಬ ಮನೆತನದವನೆಂದು ತಪ್ಪಾಗಿ ಓದಿದರಂತೆ. ರಕ್ಷಕರ ಸಾಲಿಗೂ ಮುಂದಿನ ಆಟಗಾರರಿಗೂ ನಡುವೆ ನಿಂತು ಎದುರಾಳಿಯ ದಾಳಿಯನ್ನು ಮೊದಲೇ ಗ್ರಹಿಸಿ ಚೆಂಡು ಕಸಿದು, ಹತ್ತಿರದವರಿಗೆ ತಳ್ಳಿಬಿಡುವುದು ಅವರ ಕೆಲಸ. ಆ ಸ್ಥಾನಕ್ಕೆ ಬ್ರೆಜಿಲಿನವರು ‘ವೊಲಾಂಚಿ’ ಎನ್ನುತ್ತಾರೆ. ಪೋರ್ಚುಗೀಸ್ ಭಾಷೆಯಲ್ಲಿ ಅದೇ ಪದಕ್ಕೆ ಸ್ಟೀರಿಂಗ್ ಎಂಬ ಅರ್ಥವೂ ಇದೆ. ಜಪಾನಿನಲ್ಲಿ ಆ ಪದ ಮನೆಮಾತಾದದ್ದು ಬಹುಪಾಲು ಮೊರಿಯಾಸು ಅವರ ಆಟದಿಂದ. ಇದನ್ನು ಹೇಳಿದ ಮರುವಾರದ ಪಂದ್ಯದಲ್ಲಿ, ಸದಾ ಗೋಲಿನ ಮುಂದೆಯೇ ಗುಂಪುಗೂಡುತ್ತಿದ್ದ ಮಕ್ಕಳಲ್ಲಿ ಐದಾರು ಮಂದಿ ‘ನಾನು ಸ್ಟೀರಿಂಗ್, ನಾನು ಸ್ಟೀರಿಂಗ್’ ಎಂದು ನಡುವಿನ ಜಾಗಕ್ಕೆ ಜಗಳವಾಡಿದರು. ಒಂದು ಗಂಟೆಯ ಪಾಠ ಮೈದಾನಕ್ಕೆ ಇಳಿಯಿತೆಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ಭಾನುವಾರ ದೋಹಾ. 1993ರ ಅಕ್ಟೋಬರ್ 28ರಂದು ಕತಾರಿನ ಆ ನಗರದಲ್ಲಿ ಇರಾಕ್ ವಿರುದ್ಧ ಜಪಾನ್ 2-1ರಿಂದ ಮುಂದಿತ್ತು. ಗೆದ್ದಿದ್ದರೆ ಮೊದಲ ಬಾರಿಗೆ ವಿಶ್ವಕಪ್ ಪ್ರವೇಶ. ತೊಂಬತ್ತು ನಿಮಿಷ ಮುಗಿದ ಮೇಲೆ ಸಿಕ್ಕ ಕಾರ್ನರ್‌ನಿಂದ ಇರಾಕ್ ತಲೆಯಿಂದ ಗೋಲು ಹೊಡೆಯಿತು. 2-2. ಜಪಾನಿಯರು ಇಂದಿಗೂ ಅದನ್ನು ‘ದೋಹಾದ ದುರಂತ’ ಎಂದೇ ಕರೆಯುತ್ತಾರೆ. ನೆಲಕ್ಕೆ ಕುಸಿದ ಆಟಗಾರರ ನಡುವೆ ಮೊರಿಯಾಸು ಅವರೂ ಇದ್ದರು. ಅವರು ಆಟಗಾರರಾಗಿ ಮುಂದೆಂದೂ ವಿಶ್ವಕಪ್ ಆಡಲಿಲ್ಲ. ಹಿರೋಶಿಮಾ, ಕ್ಯೋಟೊ, ಕೊನೆಗೆ ಸೆಂದಾಯಿ ಕ್ಲಬ್‌ಗಳಲ್ಲಿ ಆಡಿ 2003ರ ಋತುವಿನೊಂದಿಗೆ ಆಟ ನಿಲ್ಲಿಸಿದರು.

ತರಬೇತುದಾರರಾಗಿ ಬೆಳೆದ ಬಗೆಯನ್ನು ಈ ತರಬೇತಿಯಲ್ಲಿ ಸ್ವಲ್ಪ ಅವಸರದಿಂದ ದಾಟಿಸಿದರು, ಅದು ನನ್ನ ದೂರು. ಸಹಾಯಕ ಸ್ಥಾನಗಳಲ್ಲಿ ವರ್ಷಗಟ್ಟಲೆ ದುಡಿದು 2012ರಲ್ಲಿ ತಮ್ಮ ಹಳೆಯ ಕ್ಲಬ್ಬಿಗೆ ಮುಖ್ಯ ತರಬೇತುದಾರರಾಗಿ ಬಂದ ಮೊದಲ ವರ್ಷವೇ ಮೊರಿಯಾಸು ಅವರು ಸಾನ್‌ಫ್ರೆಚೆಗೆ ಮೊದಲ ಲೀಗ್ ಪ್ರಶಸ್ತಿ ತಂದುಕೊಟ್ಟರು. 2013ರಲ್ಲಿ ಮತ್ತೆ, 2015ರಲ್ಲಿ ಮತ್ತೆ. ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಹೆಚ್ಚು ಹಣವಿರುವ ಕ್ಲಬ್‌ಗಳಿಗೆ ಹೊರಟುಹೋಗುತ್ತಿದ್ದಾಗ ನಾಲ್ಕು ವರ್ಷಗಳಲ್ಲಿ ಮೂರು ಸಲ ಗೆಲ್ಲುವುದು ಸಣ್ಣ ಮಾತಲ್ಲ. 2017ರ ಜುಲೈನಲ್ಲಿ ಅದೇ ತಂಡ 18 ತಂಡಗಳ ಪಟ್ಟಿಯಲ್ಲಿ 17ನೆಯದಾಗಿದ್ದಾಗ ಅವರು ಹುದ್ದೆ ಬಿಟ್ಟರು. ಗೆಲುವಿನ ವರ್ಷಗಳಲ್ಲಿ ಏನು ಮಾಡಿದರು, ಸೋಲಿನ ವರ್ಷದಲ್ಲಿ ಯಾವುದು ಕೆಟ್ಟಿತು ಎಂಬುದಕ್ಕೆ ಒಂದು ಪೂರ್ತಿ ಭಾನುವಾರ ಬೇಕಿತ್ತು. ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದರು.

ಆದರೆ ಐದನೆಯ ಮತ್ತು ಆರನೆಯ ಭಾನುವಾರ ನಡೆದದ್ದನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕೋಚ್ ಸರ್ ಗೋಡೆಗೆ ಉದ್ದನೆಯ ಕಾಗದ ಅಂಟಿಸಿ, ಕೆಳಗೆ 2018ರಿಂದ ವರ್ಷಗಳನ್ನು ಬರೆದು, ಮಕ್ಕಳ ಕೈಗೆ ಎರಡು ಬಣ್ಣದ ಪೆನ್ನು ಕೊಟ್ಟರು. ಕೆಂಪು ಗೆರೆ ಜನಪ್ರಿಯತೆಗೆ, ನೀಲಿ ಗೆರೆ ಮಾಡಿದ ಕೆಲಸಕ್ಕೆ. ಪ್ರತಿಯೊಂದು ಘಟನೆಯ ಬಳಿಕ ಗೆರೆ ಮೇಲಕ್ಕೋ ಕೆಳಕ್ಕೋ ಎಂದು ಮಕ್ಕಳೇ ವಾದಿಸಿ ಎಳೆಯಬೇಕು.

2018ರ ರಷ್ಯಾ ವಿಶ್ವಕಪ್‌ನಲ್ಲಿ ಸಹಾಯಕರಾಗಿ ಬೆಂಚಿನ ಮೇಲಿದ್ದು, ಬೆಲ್ಜಿಯಂ ವಿರುದ್ಧ 2-0 ಮುಂದಿದ್ದ ಜಪಾನ್ ಕೊನೆಯ ಗಳಿಗೆಯಲ್ಲಿ 3-2ರಿಂದ ಸೋತದ್ದನ್ನು ಕಂಡ ಮೊರಿಯಾಸು ಅವರಿಗೆ ಅದೇ ಜುಲೈನಲ್ಲಿ ಮುಖ್ಯ ಹೊಣೆ ಬಂತು. 2019ರ ಏಷ್ಯಾ ಕಪ್ ಫೈನಲ್‌ನಲ್ಲಿ ಕತಾರ್‌ಗೆ 1-3ರ ಸೋಲು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ. ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಅದೇ ಸೆಪ್ಟೆಂಬರಿನಲ್ಲಿ ಸ್ವಂತ ನೆಲದಲ್ಲಿ ಒಮಾನ್ ವಿರುದ್ಧ 0-1, ಅಕ್ಟೋಬರಿನಲ್ಲಿ ಸೌದಿ ಅರೇಬಿಯಾ ವಿರುದ್ಧ 0-1. ಕೆಂಪು ಗೆರೆ ಕಾಗದದ ತಳ ಮುಟ್ಟಿತು. ಇವರನ್ನು ತೆಗೆಯಿರಿ ಎಂಬ ಕೂಗು ಜಪಾನಿನಲ್ಲಿ ಎದ್ದಿತ್ತು. ಆಗ ಆಸ್ಟ್ರೇಲಿಯಾ ವಿರುದ್ಧದ ಪಂದ್ಯಕ್ಕೆ ಅವರು ಆಟದ ವಿನ್ಯಾಸ ಬದಲಿಸಿ ಆವೊ ತನಾಕಾ ಎಂಬ ತರುಣನನ್ನು ಮೊದಲಿನಿಂದಲೇ ಆಡಿಸಿದರು. ತನಾಕಾ ಎಂಟನೆಯ ನಿಮಿಷದಲ್ಲಿ ಗೋಲು ಹೊಡೆದರು, ಜಪಾನ್ 2-1ರಿಂದ ಗೆದ್ದಿತು. 2022ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ಬದಲಿ ಆಟಗಾರನಾಗಿ ಇಳಿದ ಕಾವೊರು ಮಿತೋಮಾ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ವಿಶ್ವಕಪ್ ಬಾಗಿಲು ತೆರೆದರು.

2022ರ ನವೆಂಬರ್ 23ರಂದು, ನಮ್ಮ ಸಮಯ ಸಂಜೆ ಆರೂವರೆಗೆ, ಮತ್ತೆ ಕತಾರಿನಲ್ಲಿ ಜರ್ಮನಿಯ ಎದುರು. ಮೊದಲ ಅರ್ಧದಲ್ಲಿ 0-1. ವಿರಾಮದ ನಂತರ ಹಿಂಬದಿಯಲ್ಲಿ ಮೂವರನ್ನು ನಿಲ್ಲಿಸಿ, ದಾಳಿಗೆ ಒಬ್ಬೊಬ್ಬರನ್ನಾಗಿ ಇಳಿಸುತ್ತ ಹೋದರು. ಬದಲಿಗಳಾಗಿ ಬಂದ ರಿತ್ಸು ದೋವಾನ್ 75ನೆಯ ನಿಮಿಷದಲ್ಲಿ, ತಕುಮಾ ಅಸಾನೊ 83ನೆಯ ನಿಮಿಷದಲ್ಲಿ ಗೋಲು ಹೊಡೆದರು. ಕೆಂಪು ಗೆರೆ ಕಾಗದ ಬಿಟ್ಟು ಗೋಡೆಗೇ ಹತ್ತಿತು. ನಾಲ್ಕು ದಿನದ ಮೇಲೆ ಐವರನ್ನು ಬದಲಿಸಿ ಆಡಿದ ಪಂದ್ಯದಲ್ಲಿ ಕೋಸ್ಟರಿಕಾಗೆ 0-1ರಿಂದ ಸೋತಾಗ ಮತ್ತೆ ತಳಕ್ಕೆ. ಇನ್ನು ನಾಲ್ಕು ದಿನಕ್ಕೆ ಸ್ಪೇನ್ ವಿರುದ್ಧ, ಚೆಂಡು ಶೇ 18ರಷ್ಟು ಹೊತ್ತು ಕೂಡ ತಮ್ಮ ಬಳಿ ಇಲ್ಲದೆಯೇ, ವಿರಾಮದ ನಂತರದ ಆರು ನಿಮಿಷಗಳಲ್ಲಿ ದೋವಾನ್ ಮತ್ತು ತನಾಕಾ ಹೊಡೆದ ಗೋಲುಗಳಿಂದ 2-1ರ ಗೆಲುವು. ಗೆರೆಯಾಚೆ ಹೋಗಿಯೇಬಿಟ್ಟಿತು ಎನ್ನುವಂತಿದ್ದ ಚೆಂಡನ್ನು ಮಿತೋಮಾ ಒಳಕ್ಕೆ ತಳ್ಳಿದ ಚಿತ್ರವನ್ನು ಮಕ್ಕಳು ಪರದೆಯ ಹತ್ತಿರ ಹೋಗಿ ಸ್ಕೇಲು ಹಿಡಿದು ಅಳೆದರು. ಒಂಬತ್ತು ದಿನಗಳಲ್ಲಿ ಒಬ್ಬನೇ ಮನುಷ್ಯ ಜಾಣ, ದಡ್ಡ, ಮತ್ತೆ ಜಾಣನಾದ. ಆ ಒಂಬತ್ತು ದಿನಗಳಲ್ಲಿ ನೀಲಿ ಗೆರೆ ಎಷ್ಟು ಅಲ್ಲಾಡಿತು ಎಂದು ಕೋಚ್ ಸರ್ ಕೇಳಿದಾಗ ಕೊಠಡಿ ಸ್ತಬ್ಧವಾಯಿತು. ನನ್ನ ಮೊಮ್ಮಗ ಎದ್ದುನಿಂತು, ‘ಕೋಸ್ಟರಿಕಾ ದಿನ ಐವರನ್ನು ಬದಲಿಸಿದ್ದಕ್ಕೆ ಸ್ವಲ್ಪ ಇಳಿಯಬೇಕು ಸರ್, ಆದರೆ ತಳಕ್ಕಲ್ಲ’ ಎಂದ. ಹನ್ನೆರಡು ವರ್ಷದ ಹುಡುಗ ಹೊಗಳಿಕೆ ತೆಗಳಿಕೆಗಳ ನಡುವೆ ನಿಂತು ತೂಗಿ ನೋಡಿದ್ದಕ್ಕೆ ನನಗೆ ತುಂಬ ಸಂತೋಷವಾಯಿತು.

ಕ್ರೊವೇಷಿಯಾ ವಿರುದ್ಧ 1-1ರ ನಂತರ ಪೆನಾಲ್ಟಿಯಲ್ಲಿ 1-3ರಿಂದ ಸೋತದ್ದರ ಚರ್ಚೆ ಬಿಸಿಯಾಗಿತ್ತು. ಯಾರು ಒದೆಯಬೇಕೆಂದು ಮೊರಿಯಾಸು ಅವರು ಹೆಸರು ಸೂಚಿಸದೆ, ಧೈರ್ಯವಿದ್ದವರೇ ಕೈಯೆತ್ತಲಿ ಎಂದು ಬಿಟ್ಟಿದ್ದರು. ಮೊದಲು ಕೈಯೆತ್ತಿದ ತಕುಮಿ ಮಿನಾಮಿನೊ ಅವರ ಹೊಡೆತವನ್ನು ಗೋಲ್‌ಕೀಪರ್ ತಡೆದರು. ಅದು ಆಟಗಾರರಿಗೆ ಕೊಟ್ಟ ಗೌರವ ಎಂದು ಕೆಲವರು, ಅಷ್ಟು ಭಾರದ ಹೊತ್ತಿನಲ್ಲಿ ಹಿರಿಯರು ತಾವೇ ನಿರ್ಧರಿಸಬೇಕಿತ್ತು ಎಂದು ಉಳಿದವರು. ನನ್ನ ಅಭಿಪ್ರಾಯವೂ ಎರಡನೆಯದೇ. ಆ ಸೋಲಿನ ನಂತರ ಮೊರಿಯಾಸು ಅವರು ಅಭಿಮಾನಿಗಳಿದ್ದ ಕಡೆಗೆ ನಡೆದುಹೋಗಿ, ಸೊಂಟ ಬಾಗಿಸಿ ಬಹಳ ಹೊತ್ತು ನಮಸ್ಕರಿಸಿದ ಚಿತ್ರ ಜಗತ್ತೆಲ್ಲ ಹರಡಿತು. ಗೆದ್ದ ಪಂದ್ಯಗಳಷ್ಟೇ ಆ ಒಂದು ಚಿತ್ರದಿಂದಲೂ ಜಪಾನಿನ ಹೊರಗೆ ಅವರಿಗೆ ಪ್ರೀತಿ ದೊರೆಯಿತೆಂದು ನಾನು ನಂಬುತ್ತೇನೆ. ವಿಶ್ವಕಪ್ ಮುಗಿದ ಮೇಲೂ ಅದೇ ಹುದ್ದೆಯಲ್ಲಿ ಮುಂದುವರಿದ ಮೊದಲ ಜಪಾನ್ ತರಬೇತುದಾರರೂ ಅವರೇ.

ನಾವು ಪಾಠ ಕೇಳುತ್ತಿದ್ದ ವಾರಗಳಲ್ಲಿಯೇ ಆ ವೃತ್ತಿಜೀವನ ಮುಂದುವರಿಯುತ್ತಿದ್ದುದು ಈ ತರಬೇತಿಯ ಅದೃಷ್ಟ. ಅಕ್ಟೋಬರ್ 14ರ ಮಂಗಳವಾರ ಟೋಕಿಯೊದಲ್ಲಿ ಬ್ರೆಜಿಲ್ ವಿರುದ್ಧ ಮೊದಲ ಅರ್ಧದಲ್ಲಿ 0-2 ಹಿಂದಿದ್ದ ಜಪಾನ್ 3-2ರಿಂದ ಗೆದ್ದಿತು. ಬ್ರೆಜಿಲ್ ವಿರುದ್ಧ ಜಪಾನಿಗೆ ಅದು ಇತಿಹಾಸದಲ್ಲಿ ಮೊದಲ ಗೆಲುವು. ಜಪಾನಿನ ಮೊದಲ ಗೋಲು ಹೊಡೆದವರು ಅದೇ ಮಿನಾಮಿನೊ. ಪೆನಾಲ್ಟಿಯ ಚರ್ಚೆಯಲ್ಲಿ ಅವರ ಹೆಸರು ಬಂದಾಗ ಮಕ್ಕಳು ತಾವಾಗಿಯೇ ಈ ಗೋಲನ್ನು ನೆನಪಿಸಿದರು. ನವೆಂಬರ್ 18ರಂದು ಬೊಲಿವಿಯಾ ವಿರುದ್ಧ 3-0ರಿಂದ ಗೆದ್ದದ್ದು ರಾಷ್ಟ್ರೀಯ ತಂಡದ ತರಬೇತುದಾರರಾಗಿ ಅವರ ನೂರನೆಯ ಪಂದ್ಯ. ಆ ವಾರ ಕೋಚ್ ಸರ್ ಎಲ್ಲರಿಗೂ ಒಂದೊಂದು ಕಡಲೆ ಮಿಠಾಯಿ ಹಂಚಿದರು.

ಪಾಠಕ್ಕೆ ಸಂಬಂಧಿಸಿದ ದೂರುಗಳೂ ಇವೆ. ಮೊದಲ ಮೂರು ವಾರ ಹಂಚಿದ ಮುದ್ರಿತ ಹಾಳೆಗಳು ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಕನ್ನಡ ಮಾಧ್ಯಮದ ಮಕ್ಕಳೇ ಅರ್ಧದಷ್ಟಿದ್ದ ತರಗತಿಯಲ್ಲಿ ಇದು ತಪ್ಪೆಂದು ನಾವು ನಾಲ್ವರು ಪೋಷಕರು ಹೇಳಿದ ಮೇಲೆ ನಾಲ್ಕನೆಯ ವಾರದಿಂದ ಕನ್ನಡದಲ್ಲಿ ಬಂದವು. ಹೆಸರುಗಳ ಉಚ್ಚಾರಣೆಯನ್ನೂ ಕನ್ನಡ ಲಿಪಿಯಲ್ಲಿ ಸರಿಯಾಗಿ ಕೊಟ್ಟಿದ್ದರು. 2024ರ ಏಷ್ಯಾ ಕಪ್‌ನಲ್ಲಿ ಇರಾಕ್ ಮತ್ತು ಇರಾನ್ ಎರಡಕ್ಕೂ ಸೋತು ಎಂಟರ ಹಂತದಲ್ಲೇ ಹೊರಬಿದ್ದದ್ದನ್ನು ಹೆಚ್ಚು ಬಿಡಿಸಿ ಹೇಳಬೇಕಿತ್ತು. ಜರ್ಮನಿಯನ್ನು ಅದರ ನೆಲದಲ್ಲಿಯೇ 4-1ರಿಂದ ಸೋಲಿಸಿ ಐದು ತಿಂಗಳೂ ಆಗಿರದ ತಂಡ ಅದು. ಹಾಗೇಕಾಯಿತು ಎಂಬ ಪ್ರಶ್ನೆಯಲ್ಲಿ ಕಲಿಯುವುದು ಬಹಳವಿದೆ. ಇನ್ನೊಂದು ದಿನ ಹುಡುಗನೊಬ್ಬ, ಜಪಾನಿನವರು ಯಾರಾದರೂ ನಮ್ಮ ದೇಶಕ್ಕೆ ಆಡಿದ್ದಾರೆಯೇ ಎಂದು ಕೇಳಿದ. ಜಪಾನಿನಲ್ಲಿ ಹುಟ್ಟಿ, ಭಾರತೀಯ ಪೌರತ್ವ ಪಡೆದು, 2013ರಲ್ಲಿ ಭಾರತ ತಂಡಕ್ಕೆ ಆಡಿ, ಆಮೇಲೆ ಇಲ್ಲಿಯ ಮಕ್ಕಳಿಗೇ ತರಬೇತುದಾರರಾದ ಅರಾತಾ ಇಜುಮಿ ಅವರ ಹೆಸರು ಹೇಳಿ ಕೋಚ್ ಸರ್ ಮುಂದಕ್ಕೆ ಹೋದರು. ಅವರ ಬಗ್ಗೆ ಒಂದು ಭಾನುವಾರವನ್ನೇ ಇಡಬಹುದಿತ್ತು. ಮುಂದಿನ ತಂಡಕ್ಕಾದರೂ ಇಡಲಿ ಎಂದು ಬರೆದು ಕೊಟ್ಟಿದ್ದೇನೆ.

ನೋಟ್‌ಬುಕ್ಕಿನ ಕಡೆಗೆ ಮತ್ತೆ ಬರುತ್ತೇನೆ. ಪ್ರತಿ ಅಭ್ಯಾಸ ಪಂದ್ಯದಲ್ಲಿ ಹೊರಗೆ ಕುಳಿತ ಮಕ್ಕಳು ಸುಮ್ಮನೆ ಕೂರುವಂತಿರಲಿಲ್ಲ. ಹತ್ತು ನಿಮಿಷ ಆಟ ನೋಡಿ ಮೂರು ಸಂಗತಿ ಬರೆದ ಮೇಲೆಯೇ ಬದಲಿಯಾಗಿ ಒಳಗೆ ಹೋಗಬೇಕು. ಚೆಂಡಿಗೆ ಕಾಯುತ್ತ ಕಳೆದ ಹೊತ್ತಿನ ನಷ್ಟವನ್ನು ಇದು ಸಾಕಷ್ಟು ತುಂಬಿತು. ಮೊಮ್ಮಗನ ಪುಸ್ತಕದ ಮೊದಲ ಪುಟದಲ್ಲಿ ‘ನಮ್ಮವರು ಚೆನ್ನಾಗಿ ಆಡಲಿಲ್ಲ’ ಎಂದಷ್ಟೇ ಇದೆ. ಕೊನೆಯ ವಾರದ ಪುಟದಲ್ಲಿ ಹೀಗಿದೆ: ‘ಅವರ 7ನೇ ನಂಬರ್ ಬಲಗಾಲಿನಲ್ಲಿ ಮಾತ್ರ ಪಾಸ್ ಕೊಡುತ್ತಾನೆ. ಎಡಕ್ಕೆ ತಿರುಗಿಸಿದರೆ ತಡವರಿಸುತ್ತಾನೆ. ನಾನು ಒಳಗೆ ಹೋದರೆ ಅವನ ಬಲಗಡೆ ನಿಲ್ಲಬೇಕು.’

ಒಂಬತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಈ ತರಬೇತಿಯನ್ನು ನಾನು ಹೇಳಲಾರೆ. ಒಂದು ಗಂಟೆಯ ಪಾಠಕ್ಕೆ ಅವರು ಕೂರಲಾರರು. ಚೆಂಡಿನ ಕೈಚಳಕ, ಓಟದ ವೇಗ ಇವಷ್ಟೇ ಬೇಕೆನ್ನುವವರಿಗೆ ನಗರದೊಳಗಿನ ಬೇರೆ ತರಬೇತಿಗಳು ಸಾಕು. ಆಟವನ್ನು ನೋಡಲು, ನೋಡಿದ್ದನ್ನು ಬರೆಯಲು, ಬರೆದದ್ದನ್ನು ಆಡಲು ಕಲಿಯಬೇಕೆನ್ನುವ ಹತ್ತರಿಂದ ಹದಿನೈದರ ಮಕ್ಕಳನ್ನು ಧಾರಾಳವಾಗಿ ಸೇರಿಸಬಹುದು. ಬಿ.ಎಚ್. ರಸ್ತೆಯ ಬಸ್ಸಿನಲ್ಲಿ ಬರುವವರು ಆರು ಗಂಟೆಗೇ ಹೊರಡಬೇಕು, ಕುಡಿಯುವ ನೀರನ್ನು ಮನೆಯಿಂದಲೇ ತರಬೇಕು. ಕೊಟ್ಟ ನೀಲಿ ಅಂಗಿಯನ್ನು ಮೊದಲ ಒಗೆತದಲ್ಲಿ ಬಿಳಿ ಬಟ್ಟೆಗಳ ಜೊತೆ ಹಾಕಬೇಡಿ, ಬಣ್ಣ ಬಿಡುತ್ತದೆ.